ಸರ್ಟಿಫಿಕೇಟ್ ಇಲ್ಲದ ಹಸಿರು ಮನೆ

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ಹೋಗಿದ್ದೀರಾ? ಹೋಗಿದ್ದರೆ ತಲೆ ಎತ್ತಿ ಮೇಲೆ ನೋಡಿರ್ತೀರಿ. ಉದ್ದಕ್ಕೂ ಬಿದಿರು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಈ ಕಟ್ಟಡಕ್ಕೆ ಅಮೆರಿಕದ ಹಸಿರು ಕಟ್ಟಡ ಮಂಡಳಿಯ ‘ಲೀಡ್ ಪ್ಲಾಟಿನಂ’ ಮಾನ್ಯತೆ ಪ್ರಯಾಣಿಕರು ಕಾಲಿಡುವ ಮೊದಲೇ ಸಿಕ್ಕಿತ್ತು. ಒಳ್ಳೇದೇ ಆಯ್ತು.

ಈಗ ಜೋಯಿಡಾಕ್ಕೆ ಬನ್ನಿ. ಕಾಡಿನ ನಡುವೆ ಕುಣಬಿಗಳ ಹಳೇ ಮನೆ. ಮಣ್ಣಿನ ಗೋಡೆ, ಬಿದಿರಿನ ಮಾಡು, ಮೇಲೆ ಹುಲ್ಲು, ಸೆಗಣಿ ಸಾರಿಸಿದ ನೆಲ. ಗೌಳಿಗಳ ಮನೆಯಲ್ಲಂತೂ ದನ-ಎಮ್ಮೆಗೂ ಅದೇ ಸೂರು. ಒಂದು ಚೀಲ ಸಿಮೆಂಟ್ ಇಲ್ಲ. ಲಾರಿ ಬಂದಿಲ್ಲ. ಈ ಮನೆಗೆ ಸರ್ಕಾರ ಇಟ್ಟ ಹೆಸರೇನು ಗೊತ್ತಾ? ‘ಕಚ್ಚಾ ಮನೆ’. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಕಚ್ಚಾ ಗೋಡೆ, ಕಚ್ಚಾ ಮಾಡಿನ ಒಂದೇ ಕೋಣೆಯ ಮನೆ ಬಡತನದ ಒಂದು ಗುರುತು. ಬಿದಿರು ದೇವನಹಳ್ಳಿಯಲ್ಲಿ ಪ್ಲಾಟಿನಂ, ಜೋಯಿಡಾದಲ್ಲಿ ಬಡತನ. ಇದು ಹೇಗಾಯ್ತು?

ಕಥೆ ಶುರುವಾಗೋದು ಬ್ರಿಟಿಷರ ಕಾಲದಲ್ಲಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಇಲ್ಲಿನ ತೇಗದ ಮೇಲೆ ದೊರೆಗಳ ಕಣ್ಣಿತ್ತು. ಕಾಡು ‘ಮೀಸಲು’ ಆಯ್ತು. ಕುಣಬಿಗಳ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನೂ ‘ಮರ’ದ ಪಟ್ಟಿಗೆ ಸೇರಿಸಿತು. ಬಿದಿರು ಹುಲ್ಲಿನ ಜಾತಿ ಅನ್ನೋದು ಸಸ್ಯಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಆದರೆ ಕಾನೂನಿನ ಕಣ್ಣಿಗೆ ಅದು ಮರ. ಮನೆಯ ಮಾಡಿಗೆ ನಾಲ್ಕು ಗಳ ಕಡಿದವನು ಅಪರಾಧಿ.

ಸ್ವಾತಂತ್ರ್ಯ ಬಂತು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. ಸಾವಿರಾರು ಜನಕ್ಕೆ ಕೆಲಸ ಕೊಟ್ಟಿತು, ನಿಜ. ಆದರೆ ಅದಕ್ಕೆ ಬಿದಿರು ಸಿಕ್ಕಿದ್ದು ಟನ್‌ಗೆ ಒಂದೂವರೆ ರೂಪಾಯಿಗೆ ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿದ್ದಾರೆ. ಬುಟ್ಟಿ ಹೆಣೆಯೋ ಮೇದಾರರು ಮಾರುಕಟ್ಟೆಯಲ್ಲಿ ಕೊಡ್ತಿದ್ದ ಬೆಲೆ ಅದರ ನೂರಾರು ಪಟ್ಟು!

1970ರ ದಶಕದಲ್ಲಿ ಬಿದಿರು ಯಾಕೆ ಕಡಿಮೆಯಾಗ್ತಿದೆ ಅಂತ ಗಾಡ್ಗೀಳ್ ಇದೇ ಜಿಲ್ಲೆಯಲ್ಲಿ ಅಧ್ಯಯನ ಮಾಡಿದರು. ಮೆಳೆಯ ಬುಡದ ಮುಳ್ಳು ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುತ್ತೆ ಅನ್ನೋದು ಅಧಿಕಾರಿಗಳ ನಂಬಿಕೆ. ಹಳ್ಳಿಯವರು ಹೇಳಿದ್ದೇ ಬೇರೆ: ‘ಮುಳ್ಳು ತೆಗೀಬೇಡಿ ಸ್ವಾಮಿ, ಎಳೇ ಕಳಲೆಗೆ ಅದೇ ಬೇಲಿ.’ ಮುಳ್ಳು ಹೋದ ಕಡೆ ದನ, ಕಾಡುಪ್ರಾಣಿ ಕಳಲೆ ತಿಂದು ಮುಗಿಸ್ತಿದ್ದವು. ಅಧ್ಯಯನ ಹಳ್ಳಿಯವರ ಮಾತೇ ಸರಿ ಅಂತು.

ಆಮೇಲೆ ಸೂಪಾ. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು. 1980ರ ದಶಕದಲ್ಲಿ ಹಳೇ ಸೂಪಾ ಪೇಟೆಯೇ ನೀರಲ್ಲಿ ಮುಳುಗಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ಹಲವು ಕುಟುಂಬಗಳು ರಾಮನಗರಕ್ಕೆ ಹೋದವು. ನಾಡಿಗೆ ಬೆಳಕು ಬಂತು. ಕಾಡು ಬಿಟ್ಟು ಹೋದವರಿಗೆ ಬಿದಿರು, ಹುಲ್ಲು ದುಡ್ಡು ಕೊಟ್ಟು ತರೋ ಸಾಮಾನಾಯ್ತು.

ಅತ್ತ ಜಗತ್ತು ಎಚ್ಚೆತ್ತುಕೊಂಡಿತು. 1990ರಲ್ಲಿ ಬ್ರಿಟನ್ ಕಟ್ಟಡಗಳಿಗೆ ಪರಿಸರದ ಅಂಕ ಕೊಡೋಕೆ ಶುರು ಮಾಡಿತು. 2003ರಲ್ಲಿ ಹೈದರಾಬಾದಿನ ಗ್ರೀನ್ ಬಿಸಿನೆಸ್ ಸೆಂಟರ್ ಲೀಡ್ ಪ್ಲಾಟಿನಂ ಪಡೀತು. 2007ರಲ್ಲಿ ನಮ್ಮದೇ ರಾಷ್ಟ್ರೀಯ ಮಾನದಂಡ ಬಂತು. ಹೆಸರು ‘ಗೃಹ’! ಸ್ಥಳೀಯ ಸಾಮಗ್ರಿ ಬಳಸಿದ್ದೀರಾ? ಗಾಳಿ ಬೆಳಕು ಇದೆಯಾ? ವಿದ್ಯುತ್ ಉಳಿಯುತ್ತಾ? ಇಂಥ ಪ್ರಶ್ನೆಗಳಿಗೆ ಕುಣಬಿಯ ಮನೆ, ಹಳಿಯಾಳ-ಮುಂಡಗೋಡದ ಸಿದ್ದಿಯ ಮನೆ ಯಾವತ್ತೋ ಉತ್ತರ ಕೊಟ್ಟಾಗಿದೆ. ಅರ್ಜಿ ಹಾಕೋರು, ಶುಲ್ಕ ಕಟ್ಟೋರು ಯಾರು?

ಹಾಗಂತ ಗುಡಿಸಲನ್ನು ಹಾಡಿ ಹೊಗಳೋಕೆ ನಾನು ಬಂದಿಲ್ಲ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಮಗು ಮಲಗಿಸೋ ತಾಯಿ ಪಕ್ಕಾ ಮನೆ ಕೇಳಿದರೆ ಅದು ಅವಳ ಹಕ್ಕು. ನನ್ನ ಪ್ರಶ್ನೆ ಇಷ್ಟೇ: ಪಕ್ಕಾ ಅಂದರೆ ಸಿಮೆಂಟೇ ಆಗಬೇಕಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಕೇಂದ್ರ ಕಟ್ಟಿದರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆ, ಸುಡೋದೇ ಬೇಡ, ಮಳೆಗೆ ನಿಲ್ಲುತ್ತೆ ಅಂತ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಬಿದಿರನ್ನು ಬೊರಾಕ್ಸ್-ಬೋರಿಕ್ ಆಮ್ಲದ ನೀರಲ್ಲಿ ನೆನೆಸಿದರೆ ಹುಳ ಹಿಡಿಯಲ್ಲ. ವಿದ್ಯೆ ನಮ್ಮ ರಾಜ್ಯದಲ್ಲೇ ಇದೆ. ಜೋಯಿಡಾಕ್ಕೆ ಬರಬೇಕಷ್ಟೇ.

ಕಾನೂನು ಸ್ವಲ್ಪ ತಿದ್ದಿಕೊಂಡಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತು. 2017ರಲ್ಲಿ ಕೇಂದ್ರ ಸರ್ಕಾರ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೀತು. ಬಿದಿರು ಮತ್ತೆ ಹುಲ್ಲಾಗೋಕೆ 90 ವರ್ಷ ಬೇಕಾಯ್ತು.

ವೀಕ್ಷಕರೇ, ಇನ್ನು ತಿದ್ದಬೇಕಾದ ಪದ ಒಂದೇ ಉಳಿದಿದೆ. ಗಣತಿ ಪುಸ್ತಕದಲ್ಲಿರೋ ‘ಕಚ್ಚಾ’. ಅದನ್ನು ತಿದ್ದೋಕೆ ಇನ್ನೂ 90 ವರ್ಷ ಕಾಯಬೇಕಾ?