ಕಂಡಕ್ಟರನ ಪೆಟ್ಟಿಗೆಯ ಕಾಲ

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಹೊತ್ತು ಮೂಡಿದರೆ ಕಿವಿಗೆ ಬೀಳುವುದು ಊರುಗಳ ಹೆಸರು. ಮಿಜಾರು, ಎಡಪದವು, ಕೈಕಂಬ, ಗುರುಪುರ, ವಾಮಂಜೂರು ಎಂದು ಕಂಡಕ್ಟರ್ ಒಂದೇ ಉಸಿರಿಗೆ ಕೂಗುತ್ತಾನೆ. ಮಂಗಳೂರು ದಾರಿಯ ಸ್ಟೇಜುಗಳೆಲ್ಲ ಅವನಿಗೆ ಕಂಠಪಾಠ. ಆ ಬಾಯಿಪಾಠ ಕಾಗದಕ್ಕಿಳಿದು, ಕಾಗದದಿಂದ ಯಂತ್ರಕ್ಕೇರಿದ ಕಥೆ ನಮ್ಮ ನಾಡಿನ ಸಾರಿಗೆಯ ಚರಿತ್ರೆಯೇ ಆಗಿದೆ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹೊರಟಾಗ ದಕ್ಷಿಣ ಕನ್ನಡ ಇನ್ನೂ ಮದರಾಸಿನ ಆಡಳಿತದಲ್ಲಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಆಗಸ್ಟ್ 1ರಂದು ಇಲಾಖೆ ನಿಗಮವಾಯಿತು. ಆದರೆ ಕರಾವಳಿಯ ರಸ್ತೆಗಳಲ್ಲಿ ಸಿಪಿಸಿ, ಹನುಮಾನ್, ಶಂಕರ ವಿಠಲ ಎಂಬ ಖಾಸಗಿ ಹೆಸರುಗಳೇ ಮನೆಮಾತಾಗಿದ್ದವು. ಬಿ.ಸಿ. ರೋಡ್, ಧರ್ಮಸ್ಥಳಗಳಲ್ಲಿ ನಿಗಮದ ಡಿಪೋಗಳು ಬಂದ ಮೇಲೂ ಮೂಡುಬಿದಿರೆಯ ದಾರಿ ಬಹುಪಾಲು ಖಾಸಗಿಯವರ ಕೈಯಲ್ಲೇ ಉಳಿಯಿತು.

ಅಂದಿನ ನಿಗಮದ ಕಂಡಕ್ಟರನ ಆಸ್ತಿ ಮೂರು: ಚರ್ಮದ ಚೀಲ, ಟಿಕೆಟ್ ಪೆಟ್ಟಿಗೆ, ವೇ ಬಿಲ್. ಪೆಟ್ಟಿಗೆಯೊಳಗೆ ಬಣ್ಣಬಣ್ಣದ ತೆಳು ಕಾಗದದ ಕಟ್ಟುಗಳು, ಒಂದೊಂದು ದರಕ್ಕೆ ಒಂದೊಂದು. ಡಿಪೋ ಬಿಡುವ ಮುನ್ನ ಪ್ರತಿ ಕಟ್ಟಿನ ಮೊದಲ ಸಂಖ್ಯೆಯನ್ನು ವೇ ಬಿಲ್ಲಿನಲ್ಲಿ ಬರೆಯಬೇಕು. ದಾರಿಯಲ್ಲಿ ಸ್ಟೇಜು ಬದಲಾದಾಗಲೆಲ್ಲ ಮತ್ತೆ ಬರೆಯಬೇಕು. ಐದು ರೂಪಾಯಿಯ ಕಟ್ಟು 214ರಲ್ಲಿ ಶುರುವಾಗಿ 239ಕ್ಕೆ ಬಂದು ನಿಂತರೆ ಹರಿದ ಟಿಕೆಟು 25, ಚೀಲದಲ್ಲಿರಬೇಕಾದ ಹಣ 125 ರೂಪಾಯಿ. ತನಿಖೆಯವರು ನಡುದಾರಿಯಲ್ಲಿ ಹತ್ತಿದರೆ ಮೊದಲು ಕೇಳುತ್ತಿದ್ದದ್ದು ಈ ಹಾಳೆಯನ್ನೇ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ, ಮಂದ ದೀಪದ ಕೆಳಗೆ, ಒಂದು ಭುಜವನ್ನು ಕಂಬಕ್ಕೊತ್ತಿ ನಿಂತು ಅಂಕಿ ತಪ್ಪದಂತೆ ಬರೆದ ಆ ಕೈಗಳಿಗೆ ನಾನು ತಲೆಬಾಗುತ್ತೇನೆ. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟಿನ ಬೆನ್ನ ಮೇಲೆ ಬರೆದುಕೊಡುತ್ತಿದ್ದರು. ಇಳಿಯುವವರೆಗೆ ಆ ಚೂರು ಕಾಗದವನ್ನು ನಾವು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದೆವು.

ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಟಿಕೆಟ್ ಯಂತ್ರ ಬಂತು. ಜನ ಕಂಡದ್ದು ಕಾಗದದ ಸುರುಳಿಯನ್ನು. ನಿಜವಾದ ಕೆಲಸ ಅದರ ಹಿಂದಿತ್ತು: ಪ್ರತಿ ಮಾರ್ಗದ ಪ್ರತಿ ಸ್ಟೇಜು, ಒಂದರಿಂದ ಇನ್ನೊಂದಕ್ಕೆ ಇರುವ ದರ, ಎಲ್ಲವನ್ನೂ ಯಂತ್ರದೊಳಗೆ ತುಂಬಬೇಕಿತ್ತು. ಒಂದು ಸ್ಟೇಜು ಬಿಟ್ಟುಹೋದರೆ ಅಲ್ಲಿ ಇಳಿಯುವವನು ಮುಂದಿನ ಊರಿನ ದರ ತೆರಬೇಕು. ತಂತ್ರಾಂಶ ಬರೆಯುವವನಿಗೆ ದಾರಿ ಗೊತ್ತಿರುವುದಿಲ್ಲ; ದಾರಿ ಗೊತ್ತಿದ್ದವನು ಹಳೆಯ ಕಂಡಕ್ಟರ್. ಅವನನ್ನು ಕೇಳದೆ ಹಳೆಯ ವ್ಯವಸ್ಥೆಯನ್ನು ಕಿತ್ತು ಹೊಸದನ್ನು ಹೂಡಿದರೆ ಕೆಡುವುದೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಯಂತ್ರಗಳು ಡಿಪೋಗೆ ಮರಳಿದ ಮೇಲಷ್ಟೇ ದಿನದ ಲೆಕ್ಕ ಒಪ್ಪಿಸುತ್ತಿದ್ದವು; ಮುಂದಿನವು ಓಡುವ ಬಸ್ಸಿನಿಂದಲೇ ಕಳುಹಿಸತೊಡಗಿದವು.

2006ರಲ್ಲಿ ನಿಗಮದ ‘ಅವತಾರ್’ ಎಂಬ ಮುಂಗಡ ಟಿಕೆಟ್ ವ್ಯವಸ್ಥೆ ಬಂತು. ಎಲ್ಲಿಂದ ಬೇಕಾದರೂ, ಯಾವಾಗ ಬೇಕಾದರೂ ಸೀಟು ಕಾದಿರಿಸಬಹುದಾಯಿತು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗ ಟಿಕೆಟ್ ಯಂತ್ರಗಳ ಬೆಲೆ ತಿಳಿಯಿತು. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದರೂ ಶೂನ್ಯ ಟಿಕೆಟ್ ಹರಿಯಲೇಬೇಕು. ಸರಕಾರ ನಿಗಮಕ್ಕೆ ಹಣ ಕೊಡುವುದು ಆ ಲೆಕ್ಕದ ಮೇಲೆ. 2025ರ ಜುಲೈ 14ಕ್ಕೆ ಇಂಥ ಪ್ರಯಾಣಗಳು 500 ಕೋಟಿ ಮುಟ್ಟಿದವು. ಪೆಟ್ಟಿಗೆ, ಪೆನ್ನು ಹಿಡಿದು ಇದನ್ನು ಎಣಿಸಲಾಗುತ್ತಿರಲಿಲ್ಲ. ಖಾಸಗಿ ಬಸ್ಸಿನಲ್ಲಿ ಮಾತ್ರ ಶೂನ್ಯ ಟಿಕೆಟ್ ಇಲ್ಲ. ಹಾಗಾಗಿ ಸರಕಾರಿ ಬಸ್ಸು ವಿರಳವಾದ ನಮ್ಮ ಕಡೆಯ ದಾರಿಗಳಲ್ಲಿ ಹೆಣ್ಣುಮಕ್ಕಳು ಹಣ ಕೊಟ್ಟೇ ಹೋಗುತ್ತಾರೆ. ಇದು ಸರಿಯಾಗಬೇಕು.

ಹಳೆಯದನ್ನು ಉಳಿಸಿಕೊಳ್ಳುವುದು ನಮಗೆ ಹೊಸದಲ್ಲ. ಜೈನರ ಧವಲಾ ಗ್ರಂಥಗಳನ್ನು ತಾಳೆಗರಿಯಲ್ಲಿ ಶತಮಾನಗಳ ಕಾಲ ಕಾಪಾಡಿದ ಊರು ಮೂಡುಬಿದಿರೆ. 1939ರಲ್ಲಿ ಅವು ಅಚ್ಚಾಗತೊಡಗಿದ ಮೇಲೂ ಇಲ್ಲಿನವರು ಗರಿಗಳನ್ನು ಎಸೆಯಲಿಲ್ಲ. ಹಾಗೆಯೇ ನಿಮ್ಮ ಮನೆಯ ಅಟ್ಟದಲ್ಲಿ ಹಿರಿಯರ ವೇ ಬಿಲ್, ಟಿಕೆಟ್ ಕಟ್ಟು, ಬಸ್ ಕಂಪನಿಯ ವೇಳಾಪಟ್ಟಿ ಏನಿದ್ದರೂ ದಯವಿಟ್ಟು ರದ್ದಿಗೆ ಹಾಕಬೇಡಿ.