ಅಳತೆಪಟ್ಟಿ: ಮೊಳದಿಂದ ಮೀಟರಿನವರೆಗೆ



ದರ್ಜಿಯ ಕೊರಳಲ್ಲಿ ಜೋತಾಡುವ ಟೇಪನ್ನು ನೀವು ದಿನವೂ ನೋಡುತ್ತೀರಿ. ಬಡಗಿ, ಗೌಂಡಿ, ಸರ್ವೇಯರ್ ಎಲ್ಲರಿಗೂ ಅದು ಬೇಕು. ಈ ಪಟ್ಟಿಯ ಹಿಂದೆಯೂ ಒಂದು ಇತಿಹಾಸವಿದೆ ಎಂದು ಎಂದಾದರೂ ಯೋಚಿಸಿದ್ದೀರಾ?

ಮೊದಲು ಮನುಷ್ಯನಿಗೆ ದೇಹವೇ ಅಳತೆಗೋಲಾಗಿತ್ತು. ಬೆರಳು, ಗೇಣು, ಮೊಳ, ಮಾರು ಎಲ್ಲವೂ ಹಾಗೆ ಹುಟ್ಟಿದವು. ಹೂವನ್ನು ಇಂದಿಗೂ ಮೊಳದ ಲೆಕ್ಕದಲ್ಲೇ ಮಾರುತ್ತಾರೆ. ಆದರೆ ಒಬ್ಬರ ಮೊಳ ಇನ್ನೊಬ್ಬರ ಮೊಳವಲ್ಲ. ಕೊಳ್ಳುವವನಿಗೆ ಉದ್ದ ಕೈ ಬೇಕು, ಮಾರುವವನಿಗೆ ಗಿಡ್ಡ ಕೈ ಬೇಕು!

ಈ ಜಗಳ ತಪ್ಪಿಸಲು ಅರಸರು ಗಜವನ್ನು ನಿಗದಿಪಡಿಸಿದರು. ಅಕ್ಬರನ ಇಲಾಹಿ ಗಜ 41 ಬೆರಳಗಲದ್ದು. ಅದಕ್ಕೂ ಮೊದಲು ಹೊಲ ಅಳೆಯುತ್ತಿದ್ದುದು ಹಗ್ಗದಿಂದ. ಹಗ್ಗ ಒದ್ದೆಯಾದರೆ ಕುಗ್ಗುತ್ತದೆ. ಇಬ್ಬನಿಯಲ್ಲಿ ಅಳೆದರೆ ಹೊಲ ಲೆಕ್ಕದಲ್ಲಿ ದೊಡ್ಡದಾಗಿ, ಕಂದಾಯ ರೈತನ ತಲೆಗೆ ಬೀಳುತ್ತಿತ್ತು. ಆದ್ದರಿಂದ ಕಬ್ಬಿಣದ ಬಳೆಗಳಿಂದ ಜೋಡಿಸಿದ ಬಿದಿರಿನ ಜರೀಬು ಬಂದಿತು.

1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 66 ಅಡಿಯ, 100 ಕೊಂಡಿಗಳ ಸರಪಳಿ ರೂಪಿಸಿದ. ವಿದ್ಯಾರ್ಥಿಗಳು ಗಮನಿಸಲಿ: ನಮ್ಮ ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಎರಡೂ ಕಡೆ ಅರ್ಧ ಸರಪಳಿ. ಇಂಥ 40 ಗುಂಟೆ ಸೇರಿ ಒಂದು ಎಕರೆ. 1829ರಲ್ಲಿ ಶೆಫೀಲ್ಡಿನ ಜೇಮ್ಸ್ ಚೆಸ್ಟರ್‌ಮನ್ ತಾನಾಗಿ ಸುತ್ತಿಕೊಳ್ಳುವ ಟೇಪಿಗೆ ಪೇಟೆಂಟ್ ಪಡೆದ. ಸ್ವತಂತ್ರ ಭಾರತ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಪ್ಪಿಕೊಂಡಿತು.

ನಮ್ಮ ಮಸ್ಕಿಯ ಇತಿಹಾಸವನ್ನು ತೆರೆದುದರಲ್ಲಿ ಅಳತೆಯ ಪಾಲೂ ಇದೆ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಇಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡರು. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ನಡೆಸಿ, ನವಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಕಾಲಘಟ್ಟಗಳನ್ನು ಗುರುತಿಸಿದರು. ಉತ್ಖನನದಲ್ಲಿ ಸಿಕ್ಕ ಮಡಕೆಚೂರು ಯಾವ ಆಳದಲ್ಲಿ, ಯಾವ ಪದರದಲ್ಲಿತ್ತು ಎಂಬುದನ್ನು ಅಳೆದು ಬರೆದಿಡದಿದ್ದರೆ ಅದು ಬರೀ ಚೂರು, ಬರೆದಿಟ್ಟರೆ ಸಾಕ್ಷಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಭಾಗದಲ್ಲಿ ಒಂದೊಂದು ಗುಂಟೆಗೂ ಬೆಲೆ ಬಂದಿದೆ. ಬದು ಒಂದು ಗೇಣು ಸರಿದರೂ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಆದರೆ ಅಕ್ಕತಂಗಿಯರ ಪಾಲಿನ ಮಾತು ಬಂದರೆ ಟೇಪು ಹೊರಗೇ ಬರುವುದಿಲ್ಲ. ಕುರ್‌ಆನಿನ ನಿಯಮದಂತೆ ಮಗನ ಪಾಲಿನ ಅರ್ಧ ಮಗಳಿಗೆ ಸಲ್ಲಬೇಕು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮಾತ್ರ ವಾರಸುದಾರರಾಗಿದ್ದು, ಸಾಲಸೋಲ ಕಳೆದು ಐದು ಎಕರೆ ಉಳಿದಿದ್ದರೆ ಗಂಡುಮಕ್ಕಳಿಗೆ ಎರಡೆರಡು ಎಕರೆ, ಮಗಳಿಗೆ ಒಂದು ಎಕರೆ. ಲೆಕ್ಕ ಇಷ್ಟು ಸರಳ. "ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂಬುದು ಇದಕ್ಕೆ ಉತ್ತರವಲ್ಲ.

ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುತ್ತಲೇ ಪವಿತ್ರ ಕುರ್‌ಆನಿನ 83ನೇ ಸೂರಃ ಆರಂಭವಾಗುತ್ತದೆ. ಪ್ರವಾದಿ ಶುಐಬರು (ಅ) ಮದ್‌ಯನ್ ಜನರಿಗೆ ಬೋಧಿಸಿದ್ದೂ ಇದನ್ನೇ. ಈ ಎಚ್ಚರಿಕೆ ಅಂಗಡಿಯವನಿಗೆ ಮಾತ್ರ ಎಂದು ತಿಳಿಯಬೇಡಿ. ಮನೆಯ ಆಸ್ತಿ ಹಂಚುವ ದಿನ ನಾವೂ ಅಳೆಯುವವರೇ. ಮುಂದೆ ನಿಮ್ಮ ಕೈಗೆ ಟೇಪು ಬಂದಾಗ ಅದರ ಇನ್ನೊಂದು ತುದಿಯನ್ನು ನಿಮ್ಮ ಸಹೋದರಿಯ ಕೈಗೆ ಕೊಡಿ.