ಹೈಸ್ಕೂಲು ಹುಡುಗರು ಕಟ್ಟಿದ ಕ್ಲಬ್ಬು: ಇಟಲಿಯ ಯುವೆಂಟಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಇಟಲಿಯ ಫುಟ್‌ಬಾಲ್ ಕ್ಲಬ್ಬಿನ ಕಥೆ ಯಾಕೆ ಎಂದು ಹಿರಿಯರು ಕೇಳಬಹುದು. ಕಾರಣವಿದೆ. ಇಟಲಿಯ ಲೀಗ್ ಚಾಂಪಿಯನ್ ಪಟ್ಟವನ್ನು 36 ಸಲ ಗೆದ್ದು, ಆ ದೇಶದ ಬೇರೆಲ್ಲ ಕ್ಲಬ್ಬುಗಳಿಗಿಂತ ಮುಂದಿರುವ ಯುವೆಂಟಸ್ ಅನ್ನು ಹುಟ್ಟುಹಾಕಿದವರು ರಾಜರೂ ಅಲ್ಲ, ಧನಿಕರೂ ಅಲ್ಲ. ಶಾಲೆಯಲ್ಲಿ ಓದುತ್ತಿದ್ದ ಹುಡುಗರು. ಆ ಹುಡುಗರು ಕಟ್ಟಿದ ಸಂಸ್ಥೆ ಶತಮಾನ ದಾಟಿ ಹೇಗೆ ನಿಂತಿತು, ಎಲ್ಲಿ ಎಡವಿತು, ಮತ್ತೆ ಹೇಗೆ ಎದ್ದಿತು ಎಂಬುದು ಯಾವ ಶಾಲೆಯ ಮಕ್ಕಳಾದರೂ ಓದಬೇಕಾದ ಚರಿತ್ರೆ.

ರಸ್ತೆಬದಿಯ ಬೆಂಚು

ಟ್ಯೂರಿನ್ ಇಟಲಿಯ ಉತ್ತರ ಭಾಗದ ನಗರ. ಅಲ್ಲಿನ ಮಾಸ್ಸಿಮೊ ದಾಜೆಲ್ಯೊ ಎಂಬ ಶಾಲೆಯ ವಿದ್ಯಾರ್ಥಿಗಳು ಸಂಜೆ ಹೊತ್ತು ಕೊರ್ಸೊ ರೆ ಉಂಬೆರ್ತೊ ಎಂಬ ರಸ್ತೆಯ ಬದಿಯ ಬೆಂಚೊಂದರ ಮೇಲೆ ಕೂತು ಹರಟುತ್ತಿದ್ದರು. ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ಫುಟ್‌ಬಾಲ್ ಆಟದ ಹುಚ್ಚು ಅವರಿಗೆ ಹತ್ತಿತ್ತು. 1897ರಲ್ಲಿ ಆ ಹರಟೆಯಿಂದಲೇ ಒಂದು ಕ್ಲಬ್ಬು ಹುಟ್ಟಿತು. ಗೆಳೆಯರಲ್ಲಿ ಕನ್ಫಾರಿ ಸಹೋದರರು ಎಂಬಿಬ್ಬರಿದ್ದರು. ಅವರ ಮನೆಯವರ ಸೈಕಲ್ ರಿಪೇರಿ ಶೆಡ್ಡೇ ಕ್ಲಬ್ಬಿನ ಮೊದಲ ಕಚೇರಿ. ಅಣ್ಣತಮ್ಮಂದಿರಲ್ಲಿ ಯುಜೆನಿಯೊ ಕನ್ಫಾರಿ ಮೊದಲ ಅಧ್ಯಕ್ಷನಾದ.

ಹೆಸರಿಡುವಾಗ ಜಗಳವಾಯಿತು. ಶಾಲೆಯ ಹೆಸರನ್ನೇ ಇಡೋಣ ಎಂಬ ಸಲಹೆಯೂ ಬಂದಿತ್ತು. ಕೊನೆಗೆ ಗೆದ್ದದ್ದು 'ಯುವೆಂಟಸ್' ಎಂಬ ಲ್ಯಾಟಿನ್ ಪದ. ಅದರ ಅರ್ಥ ಯೌವನ. ನಮ್ಮ 'ಯುವ', 'ಯೌವನ' ಎಂಬ ಸಂಸ್ಕೃತ ಪದಗಳೂ ಈ ಲ್ಯಾಟಿನ್ ಪದವೂ ಒಂದೇ ಮೂಲದಿಂದ ಕವಲೊಡೆದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾಗಿ ಇಟಲಿಯ ಈ ಹೆಸರು ನಮ್ಮ ಕಿವಿಗೆ ಪೂರ್ತಿ ಪರಕೀಯವಲ್ಲ.

ಮೊದಲು ಈ ಹುಡುಗರು ತೊಟ್ಟದ್ದು ಗುಲಾಬಿ ಬಣ್ಣದ ಅಂಗಿ. ಒಗೆದು ಒಗೆದು ಅದರ ಬಣ್ಣ ಮಾಸಿತು. 1903ರಲ್ಲಿ, ತಂಡದಲ್ಲಿದ್ದ ಸ್ಯಾವೇಜ್ ಎಂಬ ಇಂಗ್ಲಿಷಿನವನ ಮೂಲಕ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಹೊಸ ಅಂಗಿಗಳನ್ನು ತರಿಸಿದರು. ಬಂದವು ಅಲ್ಲಿನ ನಾಟ್ಸ್ ಕೌಂಟಿ ತಂಡದ ಕಪ್ಪು ಬಿಳಿ ಪಟ್ಟೆಯ ಅಂಗಿಗಳು. ಅದೇ ಇಂದಿಗೂ ಕ್ಲಬ್ಬಿನ ಗುರುತು. 1905ರಲ್ಲಿ ಆ ಅಂಗಿಯಲ್ಲೇ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು. ಮರುವರ್ಷವೇ ಒಡಕು. ಅಧ್ಯಕ್ಷನಾಗಿದ್ದ ಆಲ್ಫ್ರೆಡ್ ಡಿಕ್ ಕೆಲವರನ್ನು ಕರೆದುಕೊಂಡು ಹೊರನಡೆದ. ಅವರು ಇತರರೊಡನೆ ಸೇರಿ ಟೊರಿನೊ ಎಂಬ ಕ್ಲಬ್ಬು ಕಟ್ಟಿದರು. ಒಂದೇ ಊರಿನ ಈ ಎರಡು ಕ್ಲಬ್ಬುಗಳ ಪೈಪೋಟಿ ಇನ್ನೂ ನಡೆದಿದೆ.

ಮೊದಲ ಮಹಾಯುದ್ಧ ಬಂದಾಗ ಕ್ಲಬ್ಬಿನ ಅನೇಕ ಯುವಕರು ರಣರಂಗಕ್ಕೆ ಹೋದರು. ಅವರಿಗೆ ಊರಿನ ಸುದ್ದಿ, ಗೆಳೆಯರ ಸುದ್ದಿ ತಲುಪಿಸಲೆಂದು 1915ರಲ್ಲಿ ಕ್ಲಬ್ಬು 'ಹುರ್ರಾ ಯುವೆಂಟಸ್' ಎಂಬ ಪತ್ರಿಕೆ ತಂದಿತು. ಬೆಂಚಿನ ಗೆಳೆಯರಲ್ಲಿ ಒಬ್ಬನಾದ ಎನ್ರಿಕೊ ಕನ್ಫಾರಿ ಅದೇ ಯುದ್ಧದಲ್ಲಿ ಮಡಿದ. ಕ್ಲಬ್ಬು ಹುಟ್ಟಿದ ಕಥೆ ನಮಗೆ ಗೊತ್ತಾಗಿರುವುದು ಹೆಚ್ಚಾಗಿ ಅವನು ಬರೆದಿಟ್ಟ ನೆನಪುಗಳಿಂದ. ಹಳೆಯ ವಿದ್ಯಾರ್ಥಿಗಳು ಬರೆದಿಡದಿದ್ದರೆ ಎಂಥ ಚರಿತ್ರೆಯೂ ಅಳಿಸಿಹೋಗುತ್ತದೆ.

ಕಾರ್ಖಾನೆಯ ಊರು, ಗೆಲುವಿನ ವರ್ಷಗಳು

1923ರಲ್ಲಿ ಫಿಯಟ್ ಕಾರು ಕಾರ್ಖಾನೆಯ ಆನ್ಯೆಲ್ಲಿ ಮನೆತನದ ಎದ್ವಾರ್ದೊ ಆನ್ಯೆಲ್ಲಿ ಅಧ್ಯಕ್ಷರಾದರು. ಅಂದಿನಿಂದ ಕ್ಲಬ್ಬಿಗೆ ಹಣದ ಬಲವೂ ಶಿಸ್ತೂ ಬಂದವು. 1931ರಿಂದ 1935ರವರೆಗೆ ಸತತ ಐದು ವರ್ಷ ಚಾಂಪಿಯನ್ ಪಟ್ಟ. ಮುಂದೆ ಬಡತನ ತಾಳಲಾರದೆ ದಕ್ಷಿಣ ಇಟಲಿಯ ಹಳ್ಳಿಗಳಿಂದ ಲಕ್ಷಾಂತರ ಜನ ಉತ್ತರದ ಕಾರ್ಖಾನೆಗಳಿಗೆ ದುಡಿಯಲು ಬಂದರು. ಟ್ಯೂರಿನ್ನಿಗೆ ಬಂದವರಲ್ಲಿ ಬಹಳ ಮಂದಿ ಯುವೆಂಟಸ್‌ನ ಅಭಿಮಾನಿಗಳಾದರು. ರಜೆಗೆ ಊರಿಗೆ ಮರಳುವಾಗ ಆ ಅಭಿಮಾನವನ್ನೂ ಜೊತೆಗೆ ಒಯ್ದರು. ಹೀಗೆ ಟ್ಯೂರಿನ್ನಿನ ಕ್ಲಬ್ಬು ಇಡೀ ಇಟಲಿಯ ಕ್ಲಬ್ಬಾಯಿತು. ಹೆಸರಿನಲ್ಲಿ ಯೌವನವಿದ್ದರೂ ಜನ ಅದನ್ನು ಪ್ರೀತಿಯಿಂದ ಕರೆಯುವುದು 'ಹಿರಿಯಮ್ಮ' ಎಂಬರ್ಥದ ಅಡ್ಡಹೆಸರಿನಿಂದ!

1957ರಲ್ಲಿ ಕೂಡಿದ ಮೂವರ ಜೋಡಿಯನ್ನು ಹಳಬರು ಇಂದಿಗೂ ನೆನೆಯುತ್ತಾರೆ. ವೇಲ್ಸ್‌ನ ಆಜಾನುಬಾಹು ಜಾನ್ ಚಾರ್ಲ್ಸ್, ಅರ್ಜೆಂಟೀನಾದ ಗಿಡ್ಡ ತುಂಟ ಒಮರ್ ಸಿವೊರಿ ಮತ್ತು ನಾಯಕ ಜಂಪಿಯೆರೊ ಬೊನಿಪೆರ್ತಿ. ಬೊನಿಪೆರ್ತಿ ಹಳ್ಳಿಯ ಹುಡುಗ. ಗೋಲು ಹೊಡೆದಾಗಲೆಲ್ಲ ಅವನಿಗೆ ಮಾಲೀಕರ ತೋಟದ ಒಂದು ಹಸು ಬಹುಮಾನವಾಗಿ ಸಿಗುತ್ತಿತ್ತಂತೆ. ಅವನು ಹೋಗಿ ಗಬ್ಬದ ಹಸುಗಳನ್ನೇ ಆರಿಸಿಕೊಂಡು ಬರುತ್ತಾನೆಂದು ತೋಟದವನು ದೂರಿದನೆಂಬ ಕಥೆ ಅಲ್ಲಿ ಪ್ರಚಲಿತ. ಕಥೆ ಎಷ್ಟು ನಿಜವೋ, ಹಸುವಿನ ಬೆಲೆ ಬಲ್ಲ ನಮ್ಮವರಿಗೆ ಆ ಜಾಣ್ಮೆ ಅರ್ಥವಾಗುತ್ತದೆ. 1958ರಲ್ಲಿ ಹತ್ತನೆಯ ಪಟ್ಟ ಬಂದಾಗ ಅಂಗಿಯ ಮೇಲೆ ಚಿನ್ನದ ನಕ್ಷತ್ರ ಧರಿಸುವ ಪದ್ಧತಿ ಆರಂಭವಾಯಿತು.

ಬೊನಿಪೆರ್ತಿ 1971ರಲ್ಲಿ ಅಧ್ಯಕ್ಷರಾದರು. ತರಬೇತುದಾರ ಜೊವಾನಿ ತ್ರಪತ್ತೋನಿ ಅವರ ಹತ್ತು ವರ್ಷಗಳಲ್ಲಿ ಆರು ಲೀಗ್ ಪಟ್ಟಗಳು ಬಂದವು. 1977ರಲ್ಲಿ ಇಟಲಿಯ ಆಟಗಾರರನ್ನೇ ಕಟ್ಟಿಕೊಂಡು ಯುಇಎಫ್‌ಎ ಕಪ್ ಗೆದ್ದರು. 1982ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ತಂಡದಲ್ಲಿ ಯುವೆಂಟಸ್‌ನ ಆರು ಮಂದಿ ಇದ್ದರು: ಜೋಫ್, ಜೆಂತಿಲೆ, ಶಿರೆಯ, ಕಬ್ರಿನಿ, ತಾರ್ದೆಲ್ಲಿ, ರೊಸ್ಸಿ. ಆ ವರ್ಷವೇ ಫ್ರಾನ್ಸಿನ ಮಿಷೆಲ್ ಪ್ಲಾಟಿನಿ ಬಂದು ಸೇರಿದರು.

ಗೆಲ್ಲಬಾರದಿದ್ದ ರಾತ್ರಿ

1985ರ ಮೇ 29. ಬ್ರಸೆಲ್ಸ್ ನಗರದ ಹೈಸೆಲ್ ಕ್ರೀಡಾಂಗಣದಲ್ಲಿ ಯುರೋಪಿಯನ್ ಕಪ್ ಫೈನಲ್. ಎದುರಾಳಿ ಇಂಗ್ಲೆಂಡಿನ ಲಿವರ್‌ಪೂಲ್. ಆಟ ಶುರುವಾಗುವ ಮೊದಲೇ ಲಿವರ್‌ಪೂಲ್ ಬೆಂಬಲಿಗರು ಬೇಲಿ ಮುರಿದು ನುಗ್ಗಿದರು. ಜನ ಹೆದರಿ ಹಿಂದೆ ಸರಿದರು. ಕಾಲ್ತುಳಿತವಾಯಿತು, ಹಳೆಯ ಗೋಡೆ ಕುಸಿಯಿತು. 39 ಜನ ಸತ್ತರು. ಅವರಲ್ಲಿ 32 ಮಂದಿ ಇಟಲಿಯವರು. ತಂದೆಯೊಡನೆ ಆಟ ನೋಡಲು ಬಂದಿದ್ದ ಶಾಲಾ ಬಾಲಕನೊಬ್ಬನೂ ತಂದೆಯ ಜೊತೆಗೇ ಪ್ರಾಣಬಿಟ್ಟ.

ಗಲಭೆ ಇನ್ನೂ ಹೆಚ್ಚಬಹುದೆಂಬ ಭಯದಿಂದ ಅಧಿಕಾರಿಗಳು ಆಟ ಆಡಿಸಿಯೇ ಬಿಟ್ಟರು. ಪ್ಲಾಟಿನಿಯ ಪೆನಾಲ್ಟಿ ಗೋಲಿನಿಂದ ಯುವೆಂಟಸ್ 1-0 ಅಂತರದಲ್ಲಿ ಗೆದ್ದಿತು. ಎಷ್ಟೋ ವರ್ಷ ಕಾದಿದ್ದ ಕಪ್ ಕೈಗೆ ಬಂತು, ಅದರ ಸಂತೋಷ ಮಾತ್ರ ಬರಲಿಲ್ಲ. ಆ ಗೆಲುವಿನೊಂದಿಗೆ ಯುರೋಪಿನ ಮೂರೂ ಪ್ರಮುಖ ಕಪ್‌ಗಳನ್ನು ಗೆದ್ದ ಮೊದಲ ಕ್ಲಬ್ಬು ಎಂಬ ದಾಖಲೆ ಯುವೆಂಟಸ್‌ದಾಯಿತು. ಆದರೆ ಅಭಿಮಾನಿಗಳು ಮೇ 29ರಂದು ನೆನೆಯುವುದು ಕಪ್ಪನ್ನಲ್ಲ, ಆ 39 ಜನರನ್ನು. ಇದೇ ಕಪ್ಪನ್ನು ಅವರು 1996ರಲ್ಲಿ ರೋಮ್‌ನಲ್ಲಿ ಅಯಾಕ್ಸ್ ವಿರುದ್ಧ ಮತ್ತೆ ಗೆದ್ದರು. ಒಟ್ಟು ಒಂಬತ್ತು ಫೈನಲ್ ಆಡಿ ಏಳರಲ್ಲಿ ಸೋತ ನೋವೂ ಅವರದೇ.

ಬಿದ್ದಾಗ ಉಳಿದವರು

2006ರಲ್ಲಿ ದೊಡ್ಡ ಕಳಂಕ ಬಂತು. ಕ್ಲಬ್ಬಿನ ಆಡಳಿತಗಾರರು ರೆಫರಿಗಳನ್ನು ನೇಮಿಸುವವರೊಡನೆ ನಡೆಸಿದ ಫೋನ್ ಮಾತುಕತೆಗಳು ಬಯಲಾದವು. ಫುಟ್‌ಬಾಲ್ ಸಂಸ್ಥೆ 2005 ಮತ್ತು 2006ರ ಪಟ್ಟಗಳನ್ನು ಕಿತ್ತುಕೊಂಡಿತು. ತನ್ನ ಇತಿಹಾಸದಲ್ಲೇ ಮೊದಲ ಬಾರಿ ಯುವೆಂಟಸ್ ಎರಡನೇ ದರ್ಜೆಯ ಲೀಗಿಗೆ ಇಳಿಯಿತು, ಅಂಕ ಕಡಿತದ ಶಿಕ್ಷೆ ಬೇರೆ. ಅದೇ ಜುಲೈನಲ್ಲಿ ಇಟಲಿ ವಿಶ್ವಕಪ್ ಗೆದ್ದಿತ್ತು. ಕ್ಲಬ್ಬಿನ ಹಲವು ತಾರೆಯರು ಬೇರೆಡೆಗೆ ಹೊರಟರು.

ಎಲ್ಲರೂ ಹೋಗಲಿಲ್ಲ. ವಿಶ್ವಕಪ್ ಎತ್ತಿ ಹಿಡಿದು ಬಂದಿದ್ದ ದೆಲ್ ಪಿಯೆರೊ, ಗೋಲ್‌ಕೀಪರ್ ಬುಫೊನ್, ಕಮೊರನೇಸಿ ಉಳಿದರು. ಚೆಕ್ ದೇಶದ ನೆಡ್ವೆಡ್, ಫ್ರಾನ್ಸಿನ ಟ್ರೆಜೆಗೆ ಉಳಿದರು. ತಪ್ಪು ಅವರದಾಗಿರಲಿಲ್ಲ, ಹೋಗಿದ್ದರೆ ಯಾರೂ ದೂರುತ್ತಿರಲಿಲ್ಲ. ಸಣ್ಣ ಊರುಗಳ ಸಣ್ಣ ಮೈದಾನಗಳಲ್ಲಿ ಒಂದು ವರ್ಷ ಆಡಿದರು. ದೆಲ್ ಪಿಯೆರೊ 20 ಗೋಲು ಹೊಡೆದು ಆ ಲೀಗಿನ ಅಗ್ರ ಗೋಲುಗಾರನಾದ. 2007ರಲ್ಲಿ ತಂಡ ಮೊದಲ ಸ್ಥಾನ ಪಡೆದು ಮೇಲಿನ ದರ್ಜೆಗೆ ಮರಳಿತು. 2012ರಿಂದ 2020ರವರೆಗೆ ಸತತ ಒಂಬತ್ತು ಸಲ ಚಾಂಪಿಯನ್ ಆಯಿತು. ಇಟಲಿಯಲ್ಲಿ ಹಿಂದೆ ಯಾರೂ ಇದನ್ನು ಸಾಧಿಸಿರಲಿಲ್ಲ. 2017ರಲ್ಲಿ ಆರಂಭಿಸಿದ ಮಹಿಳಾ ತಂಡವೂ 2018ರಿಂದ ಸತತ ಐದು ಪಟ್ಟ ಗೆದ್ದದ್ದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು. ಕಳಂಕದ ಪಾಠವನ್ನು ಆಡಳಿತದವರು ಪೂರ್ತಿ ಕಲಿತರೆನ್ನಲಾಗದು. ಲೆಕ್ಕಪತ್ರದ ವಿಷಯದಲ್ಲಿ 2023ರಲ್ಲಿ ಮತ್ತೆ ಹತ್ತು ಅಂಕ ಕಳೆದುಕೊಂಡರು.

ಋಣ

2011ರ ಸೆಪ್ಟೆಂಬರ್ 8ರಂದು ಕ್ಲಬ್ಬು ತನ್ನ ಸ್ವಂತ ಕ್ರೀಡಾಂಗಣ ಉದ್ಘಾಟಿಸಿತು. ಮೊದಲ ಆಟಕ್ಕೆ ಜಗತ್ತಿನ ಯಾವ ಶ್ರೀಮಂತ ತಂಡವನ್ನಾದರೂ ಕರೆಯಬಹುದಿತ್ತು. ಕರೆದದ್ದು ಇಂಗ್ಲೆಂಡಿನ ಮೂರನೇ ದರ್ಜೆಯಲ್ಲಿ ಆಡುತ್ತಿದ್ದ ನಾಟ್ಸ್ ಕೌಂಟಿಯನ್ನು. 108 ವರ್ಷದ ಹಿಂದೆ ಬಂದ ಅಂಗಿಯ ಋಣ ಅದು. ಎರಡೂ ತಂಡಗಳು 1-1ರಲ್ಲಿ ಸಮವಾದವು.

ಪ್ರತಿ ಶಾಲೆಯ ಚರಿತ್ರೆಯಲ್ಲೂ ನೂರಕ್ಕೆ ನೂರು ಫಲಿತಾಂಶ ಬಂದ ವರ್ಷಗಳಿರುತ್ತವೆ, ಫಲಿತಾಂಶ ಕುಸಿದ ವರ್ಷಗಳೂ ಇರುತ್ತವೆ. ಎರಡನ್ನೂ ಬರೆದಿಡೋಣ. ಕಷ್ಟದ ವರ್ಷದಲ್ಲಿ ಬಿಟ್ಟುಹೋಗದೆ ಉಳಿದ ಗುರುಗಳನ್ನೂ, ಮೊದಲ ಬೆಂಚು ಮಾಡಿಸಿಕೊಟ್ಟ ಊರ ಹಿರಿಯರನ್ನೂ ಮರೆಯದಿರೋಣ. ಇಂದು ಸಂಜೆ ಶಾಲೆಯ ಕಟ್ಟೆಯ ಮೇಲೆ ಕೂತು ಹರಟುವ ಹುಡುಗ ಹುಡುಗಿಯರನ್ನು ಗದರಿಸುವ ಮುನ್ನ ಹಿರಿಯರು ಒಂದು ಗಳಿಗೆ ಯೋಚಿಸಲಿ. ಅವರು ಏನು ಕಟ್ಟಲು ಹೊರಟಿದ್ದಾರೋ ಯಾರು ಬಲ್ಲರು?